ಅರ್ಧ ಇಳಿದ ಶಟರ್

ಮೈಸೂರಿನ ನಮ್ಮ ಕಾಳಿದಾಸ ರಸ್ತೆಯ ಒಳಗಿನ ಕ್ರಾಸ್ ಒಂದರಲ್ಲಿ ಐರಿಷ್ ಪಬ್ ಇದೆ. ಐರಿಷ್ ಅಂದರೆ ಬಾಗಿಲಿಗೆ ಹಸಿರು ಬಣ್ಣ, ಗೋಡೆ ಮೇಲೆ ಐರ್ಲೆಂಡಿನ ಗುರುತಾದ ಮೂರೆಲೆಯ ಚಿತ್ರ. ಅಷ್ಟೇ. ನನಗಂತೂ ಆ ಎಲೆ ಹಿತ್ತಲ ಹುಳಿಸೊಪ್ಪಿನ ತರ ಕಾಣುತ್ತದೆ. ಐರಿಷ್ ಬಿಯರ್ ಗಿನ್ನೆಸ್ ಕೇಳಿದರೆ ಕಿಂಗ್‌ಫಿಷರ್ ತಂದಿಡುತ್ತಾರೆ. ಮುಂಚೆ ಅಲ್ಲೇ ಬಾರ್ ಅಂಡ್ ರೆಸ್ಟೋರೆಂಟ್ ಇತ್ತು. ಮಾಲೀಕರೂ ಅವರೇ, ಚಿಲ್ಲಿ ಚಿಕನ್ನೂ ಅದೇ.

2022ರ ಡಿಸೆಂಬರ್ 18, ಭಾನುವಾರ. ಫುಟ್‌ಬಾಲ್ ವಿಶ್ವಕಪ್ಪಿನ ಅರ್ಜೆಂಟೀನಾ, ಫ್ರಾನ್ಸ್ ಫೈನಲ್. ನಜರ್‌ಬಾದಿನ ನನ್ನ ಜೆರಾಕ್ಸ್ ಅಂಗಡಿಗೆ ಅಕ್ಕನ ಮಗ ಬಂದು, "ಬಾ ಮಾವ, ಸುಮ್ನೆ ಬಂದು ಕೂತ್ಕೋ" ಅಂತ ಎಳೆದುಕೊಂಡು ಹೋದ. ಜೊತೆಗೆ ಅವನ ರೂಮಿನ ಹುಡುಗ, ಕೋಳಿಕ್ಕೋಡ್ ಕಡೆಯವನು, ಮೆಸ್ಸಿ ಜೆರ್ಸಿ ಹಾಕಿದ್ದ. ಅವರ ಕಡೆ ಹೊಳೆಯೊಳಗೇ ಮೆಸ್ಸಿ ಕಟೌಟ್ ನಿಲ್ಲಿಸಿದ್ದರಲ್ಲ, ಅದನ್ನು ಫೋನಿನಲ್ಲಿ ತೋರಿಸಿದ. ನಮ್ಮಲ್ಲಾದರೆ ಕಟೌಟ್ ನಿಲ್ಲುವುದು ಥಿಯೇಟರ್ ಮುಂದೆ. ಊರಿಗೆ ಹೋಗಿ ನೋಡಬೇಕೆಂಬ ಆಸೆ ಅವನಿಗೆ. ಆದರೆ ಸೋಮವಾರ ಬೆಳಿಗ್ಗೆ ಡ್ಯೂಟಿ. ಮ್ಯಾಚ್ ಮುಗಿಸಿ ರಾತ್ರೋರಾತ್ರಿ ಬರೋಣ ಅಂದರೆ ಬಂಡೀಪುರದ ರಸ್ತೆ ಒಂಬತ್ತಕ್ಕೇ ಬಂದ್, ಮತ್ತೆ ತೆಗೆಯುವುದು ಬೆಳಿಗ್ಗೆ ಆರಕ್ಕೆ. ಪಾಪ, ನಮ್ಮ ಜೊತೆ ಕೂತ.

ಎಂಟೂವರೆಗೆ ಆಟ ಶುರು. ಮೊದಲ ಅರ್ಧದಲ್ಲೇ ಅರ್ಜೆಂಟೀನಾಕ್ಕೆ ಎರಡು ಗೋಲು, ಮೆಸ್ಸಿ ಒಂದು, ಡಿ ಮರಿಯಾ ಒಂದು. ಫ್ರಾನ್ಸ್‌ನವರು ಮೈದಾನದಲ್ಲಿ ಇದ್ದಾರೋ ಇಲ್ಲವೋ ಅನ್ನುವ ಹಾಗಿತ್ತು.

ಬಿಡುವಿನಲ್ಲಿ ನಾನು ಗೋಡೆ ತೋರಿಸಿ, "ಐರ್ಲೆಂಡ್ ಎಲ್ಲಿ?" ಅಂದೆ. ಹುಡುಗರು ನಕ್ಕರು. ಐರ್ಲೆಂಡ್‌ನವರು ಕೊನೆಯ ಸಲ ವಿಶ್ವಕಪ್ ಆಡಿದ್ದು 2002ರಲ್ಲಿ, ಆಮೇಲೆ ಆ ಕಡೆ ತಲೆಯೇ ಹಾಕಿಲ್ಲ. 1990ರದ್ದು ನನಗೆ ಗೊತ್ತಿತ್ತು, ಹೇಳಿದೆ. ಐದು ಪಂದ್ಯ, ಎರಡೇ ಗೋಲು. ಗುಂಪಿನಲ್ಲಿ ಮೂರೂ ಡ್ರಾ. ರೊಮೇನಿಯಾ ಮೇಲೂ ಸೊನ್ನೆ-ಸೊನ್ನೆ, ಪೆನಾಲ್ಟಿಯಲ್ಲಿ ಪಾರು. ಒಂದು ಪಂದ್ಯವನ್ನೂ ಆಡಿ ಗೆಲ್ಲದೆ ಕ್ವಾರ್ಟರ್ ಫೈನಲ್! ಅಲ್ಲಿ ಇಟಲಿ ಮನೆಗೆ ಕಳಿಸಿತು. ನನಗೆ ಅಂಥವರೇ ಇಷ್ಟ. ಎಸ್ಸೆಸ್ಸೆಲ್ಸಿಯಲ್ಲಿ ಎಲ್ಲದರಲ್ಲೂ ಮೂವತ್ತೈದು ತಗೊಂಡು ಪಾಸಾದವನು ನಾನು.

ಹತ್ತು ಗಂಟೆ ದಾಟಿತ್ತು. ಪಾಂಡವಪುರದ ಕಡೆಯ ವೇಟರ್ ಬಿಲ್ ಹಿಡಿದು ಬಂದ. ಗೆದ್ದಾಯ್ತಲ್ಲ ಅಂತ ನಾವೂ ಜೇಬಿಗೆ ಕೈ ಹಾಕಿದೆವು. ಅಷ್ಟರಲ್ಲಿ 80ನೇ ನಿಮಿಷ, ಫ್ರಾನ್ಸಿನ ಎಂಬಾಪೆ ಪೆನಾಲ್ಟಿಯಲ್ಲಿ ಗೋಲು ಹೊಡೆದ. ಮರು ನಿಮಿಷಕ್ಕೇ ಇನ್ನೊಂದು. ಜೆರ್ಸಿ ಹುಡುಗ ತಲೆ ಮೇಲೆ ಕೈ ಹೊತ್ತು ಕೂತುಬಿಟ್ಟ. ಬಿಲ್ಲು ಕಡಲೆಬೀಜದ ತಟ್ಟೆ ಕೆಳಗೇ ಉಳಿಯಿತು.

ತೊಂಬತ್ತು ನಿಮಿಷ ಮುಗಿದರೂ ಯಾರೂ ಏಳಲಿಲ್ಲ. "ಇದೇನ್ ಸಾ, ತೊಂಬತ್ತೇ ನಿಮಿಷ ಅಂದ್ರಿ? ಇನ್ನೂ ಆಡ್ತಾವ್ರಲ್ಲಾ" ಅಂದ ವೇಟರ್. ಎರಡು-ಎರಡು ಸಮ ಆಗಿದೆ, ಇನ್ನು ಅರ್ಧ ಗಂಟೆ ಇದೆ ಅಂದದ್ದಕ್ಕೆ ಅವನ ಮುಖ ನೋಡಬೇಕಿತ್ತು. ಮೆಸ್ಸಿ ಮತ್ತೆ ಹೊಡೆದ. 118ನೇ ನಿಮಿಷಕ್ಕೆ ಎಂಬಾಪೆಯೂ ಹೊಡೆದ. ಮೂರು-ಮೂರು. ಹನ್ನೊಂದು ದಾಟಿದ್ದರಿಂದ ಮಾಲೀಕರು ಬೀದಿಗೆ ಬೆಳಕು ಕಾಣಬಾರದೆಂದು ಶಟರ್ ಅರ್ಧ ಇಳಿಸಿದರು. ಆದರೆ ಅವರೇ ಅದಕ್ಕೆ ಬೆನ್ನು ಕೊಟ್ಟು ಟಿವಿ ನೋಡುತ್ತಾ ನಿಂತರು! ಕೊನೆ ಗಳಿಗೆಯಲ್ಲಿ ಫ್ರಾನ್ಸಿನ ಕೋಲೋ ಮುವಾನಿ ಒಬ್ಬನೇ ನುಗ್ಗಿದ. ಅರ್ಜೆಂಟೀನಾದ ಗೋಲ್‌ಕೀಪರ್ ಮಾರ್ಟಿನೆಜ್ ಎಡಗಾಲು ಚಾಚಿ ತಡೆದ. ಪಬ್ಬಿನಲ್ಲಿ ಯಾರದೋ ಗ್ಲಾಸು ಒಡೆಯಿತು. ದುಡ್ಡು ಯಾರೂ ಕೇಳಲಿಲ್ಲ.

ಮತ್ತೆ ಸಮ, ಗೆಲುವು ತೀರ್ಮಾನ ಮಾಡುವ ಪೆನಾಲ್ಟಿಗಳ ಹೊತ್ತಿಗೆ ಅಡುಗೆಯವರೂ ಹೊರಗೆ ಬಂದಿದ್ದರು. ಮಾರ್ಟಿನೆಜ್ ಒಂದು ತಡೆದ, ಮುಂದಿನವನು ಹೊಡೆಯುವ ಮುಂಚೆ ಬಾಲನ್ನೇ ದೂರ ಎಸೆದ, ಅವನು ತಪ್ಪಿಸಿದ ಮೇಲೆ ಕುಣಿದ. ಕಬಡ್ಡಿಯಲ್ಲಿ ತೊಡೆ ತಟ್ಟುವವರ ಪೈಕಿ. ಅರ್ಜೆಂಟೀನಾದ ಮೊಂಟಿಯೆಲ್ ಕೊನೆಯದನ್ನು ಹೊಡೆದು ಗೆಲ್ಲಿಸಿದಾಗ ಜೆರ್ಸಿ ಹುಡುಗ ಅತ್ತೇಬಿಟ್ಟ. ವೇಟರ್ ಅವನನ್ನು ತಬ್ಬಿಕೊಂಡಿದ್ದ. ಒಬ್ಬನಿಗೆ ಕನ್ನಡ ಬರದು, ಇನ್ನೊಬ್ಬನಿಗೆ ಮಲಯಾಳಂ ಬರದು.

ಶಟರ್ ಕೆಳಗೆ ಬಗ್ಗಿ ಒಬ್ಬೊಬ್ಬರೇ ಹೊರಗೆ ಬಂದೆವು. ಹಿಂದಿನಿಂದ ವೇಟರ್ ಕೂಗಿದ:

"ನಾಳಿಕ್ ಯಾರ್ದು ಸಾ ಮ್ಯಾಚು?"

"ನಾಳೆ ಇಲ್ಲಪ್ಪ. ಇನ್ನು ಮೂರೂವರೆ ವರ್ಷ."

"ಅಯ್ಯೋ, ಬುಡಿ ಸಾ!" ಅಂದು ಶಟರ್ ಪೂರ್ತಿ ಎಳೆದ.