ಕಾಗದದ ಚಕ್ರ ಮತ್ತು ಐದು ಹೆಸರುಗಳು

ಆಗಸ್ಟ್ ತಿಂಗಳು ಬಂತೆಂದರೆ ಉಳಿದ ತರಗತಿಗಳಲ್ಲಿ ಭಾಷಣದ ಬಾಯಿಪಾಠ ಶುರುವಾಗುತ್ತಿತ್ತು. ನಮ್ಮ ನಾಲ್ಕನೆಯ ತರಗತಿಯ ಮೇಷ್ಟ್ರು ಮಾತ್ರ ಅಳತೆಪಟ್ಟಿ, ಕತ್ತರಿ ಮತ್ತು ಬಿಳಿ ಹಾಳೆಗಳನ್ನು ಹಿಡಿದು ಬರುತ್ತಿದ್ದರು. ಧ್ವಜದ ಉದ್ದ ಮೂರು ಪಾಲಾದರೆ ಅಗಲ ಎರಡು ಪಾಲಿರಬೇಕೆಂದು ಹೇಳಿ, ಒಂಬತ್ತು ಸೆಂಟಿಮೀಟರ್ ಉದ್ದ, ಆರು ಸೆಂಟಿಮೀಟರ್ ಅಗಲದ ಆಯತವನ್ನು ಬರೆಸುತ್ತಿದ್ದರು. ಪಟ್ಟಿಗಳು ಸುಲಭವಾಗಿದ್ದವು. ಕಷ್ಟವೆಲ್ಲ ಚಕ್ರದ 24 ಗೆರೆಗಳದ್ದು. ಕೋನಮಾಪಕದ ಪರಿಚಯವಿಲ್ಲದ ನಮಗೆ ಅವರು ಬೇರೊಂದು ಹಾಳೆಯಲ್ಲಿ ದೊಡ್ಡ ವೃತ್ತವನ್ನು ಕತ್ತರಿಸಿ ಮೂರು ಸಲ ಅರ್ಧಕ್ಕೆ ಮಡಿಸಲು ಹೇಳುತ್ತಿದ್ದರು. ಆಗ ಎಂಟು ಪಾಲು. ಆ ಚೂಪಾದ ಮಡಿಕೆಯನ್ನು ಇನ್ನೊಮ್ಮೆ ಮೂರಾಗಿ ಮಡಿಸಿ ಬಿಡಿಸಿದರೆ 24 ಗೆರೆಗಳು ಮೂಡಬೇಕು. ಕೊನೆಯ ಮಡಿಕೆ ಓರೆಯಾದವರ ಚಕ್ರದಲ್ಲಿ ಒಂದು ಪಾಲು ದಪ್ಪ, ಮತ್ತೊಂದು ಸಣಕಲು. ಗದರದೆ ಇನ್ನೊಂದು ಹಾಳೆ ಕೊಡುತ್ತಿದ್ದರು. ಹುಬ್ಬಳ್ಳಿಯ ಬೆಂಗೇರಿಯಲ್ಲಿ ಖಾದಿ ಧ್ವಜಗಳನ್ನು ಸಿದ್ಧಪಡಿಸುವವರು ಸರ್ಕಾರ ಗೊತ್ತುಪಡಿಸಿದ ಅಳತೆಗಳಿಗೆ ಎಷ್ಟು ಕಟ್ಟುನಿಟ್ಟಾಗಿ ಬದ್ಧರಾಗಿರುತ್ತಾರೆಂಬುದನ್ನು ಮುಂದೆ ಓದಿದಾಗ, ಆ ಹಾಳೆಗಳ ಬೆಲೆ ನನಗೆ ತಿಳಿಯಿತು.

ಹಬ್ಬದ ಮರುದಿನ ಇನ್ನೊಂದು ಕೆಲಸವಿರುತ್ತಿತ್ತು. ಮೈದಾನದಲ್ಲೂ ಶಾಲೆಯ ದಾರಿಯಲ್ಲೂ ಬಿದ್ದಿದ್ದ ಕಾಗದದ ಬಾವುಟಗಳನ್ನು ಹೆಕ್ಕಿ ತಂದು, ಮಣ್ಣು ಒರೆಸಿ, ಮೇಷ್ಟ್ರ ಮೇಜಿನ ಮೇಲೆ ಜೋಡಿಸಬೇಕಿತ್ತು. ಕಾಗದದ ಧ್ವಜವನ್ನೂ ನೆಲಕ್ಕೆ ಎಸೆಯಬಾರದು, ಗೌರವದಿಂದಲೇ ವಿಲೇವಾರಿ ಮಾಡಬೇಕು ಎಂಬ ಧ್ವಜಸಂಹಿತೆಯ ನಿಯಮವನ್ನು ನಾವು ಕಲಿತದ್ದು ಹೀಗೆ. ಮೀಸೆ ಅಂಟಿಸಿಕೊಂಡು ಘೋಷಣೆ ಕೂಗುವ ಛದ್ಮವೇಷ ಸ್ಪರ್ಧೆಗಿಂತ ಇದೇ ಹೆಚ್ಚು ಕಲಿಸುತ್ತದೆಂಬುದು ನನ್ನ ಅನಿಸಿಕೆ. ಛದ್ಮವೇಷದಲ್ಲಿ ಬಹುಮಾನ ಪಡೆದ ಗೆಳೆಯರು ಕ್ಷಮಿಸಬೇಕು.

ಜನವರಿ 30ರಂದು ಬೆಳಿಗ್ಗೆ 11 ಗಂಟೆಗೆ ಹುತಾತ್ಮರಿಗಾಗಿ ಎರಡು ನಿಮಿಷ ಮೌನವಿರಬೇಕಲ್ಲವೇ? ಒಂಬತ್ತು ವರ್ಷದ ಮಕ್ಕಳು ಎರಡು ನಿಮಿಷ ನಗದೆ ನಿಲ್ಲುವುದು ಸಣ್ಣ ಮಾತಲ್ಲ. ಗಾಂಧೀಜಿಯವರು 1948ರಲ್ಲಿ ಇದೇ ದಿನ ಹತರಾದರೆಂದಷ್ಟೇ ಮೇಷ್ಟ್ರು ಹೇಳಿ, ಮೌನದ ನಡುವೆ ಅವರ ಬಗ್ಗೆ ಒಂದು ಪ್ರಶ್ನೆಯನ್ನು ಯೋಚಿಸಿಟ್ಟುಕೊಳ್ಳಿ ಎನ್ನುತ್ತಿದ್ದರು. ಆಮೇಲೆ ಬರುತ್ತಿದ್ದ ಪ್ರಶ್ನೆಗಳಿಗೆ ಆ ಇಡೀ ಅವಧಿಯೇ ಸಾಲುತ್ತಿರಲಿಲ್ಲ.

ಈಸೂರಿನ ಪಾಠವನ್ನಂತೂ ಮರೆಯಲಾರೆ. 1942ರಲ್ಲಿ ಶಿಕಾರಿಪುರ ತಾಲ್ಲೂಕಿನ ಆ ಹಳ್ಳಿ ತನ್ನನ್ನು ಸ್ವತಂತ್ರವೆಂದು ಸಾರಿಕೊಂಡು, ಹುಡುಗರನ್ನೇ ಅಮಲ್ದಾರ (ಈಗಿನ ತಹಶೀಲ್ದಾರ), ಸಬ್ ಇನ್ಸ್‌ಪೆಕ್ಟರ್ ಎಂದು ನೇಮಿಸಿತ್ತೆಂದು ಕೇಳಿದಾಗ ತರಗತಿಗೆ ತರಗತಿಯೇ ಕುಣಿದಾಡಿತ್ತು. 'ಏಸೂರು ಕೊಟ್ಟರೂ ಈಸೂರು ಕೊಡೆವು' ಎಂದು ನಾವೂ ಕೂಗಿದೆವು. ಮರುದಿನ ಹಾಜರಿ ಕರೆದ ಮೇಲೆ ಮೇಷ್ಟ್ರು ಪುಸ್ತಕ ಮುಚ್ಚದೆ ಇನ್ನೂ ಐದು ಹೆಸರುಗಳನ್ನು ಕರೆದರು: ಗುರಪ್ಪ, ಮಲ್ಲಪ್ಪ, ಸೂರ್ಯನಾರಾಯಣಾಚಾರ್, ಹಾಲಪ್ಪ, ಶಂಕರಪ್ಪ. ಒಂದೊಂದು ಹೆಸರಿಗೂ ಒಬ್ಬೊಬ್ಬರು ಎದ್ದು ನಿಲ್ಲಬೇಕಿತ್ತು. 1943ರ ಮಾರ್ಚ್‌ನಲ್ಲಿ ಗಲ್ಲಿಗೇರಿದವರು ಇವರೆಂದು ತಿಳಿದಾಗ ನಮ್ಮಲ್ಲೊಬ್ಬಳು, "ಯಾಕೆ ಸಾರ್, ಅವರೇನು ಮಾಡಿದ್ರು?" ಎಂದು ಕೇಳಿಯೇಬಿಟ್ಟಳು. ಮೇಷ್ಟ್ರು ಮಾತು ಮರೆಸಲಿಲ್ಲ. ಹಳ್ಳಿಗೆ ಬಂದ ನಿಜವಾದ ಅಮಲ್ದಾರರೂ ಸಬ್ ಇನ್ಸ್‌ಪೆಕ್ಟರರೂ ಅಲ್ಲಿ ನಡೆದ ಗಲಭೆಯಲ್ಲಿ ಪ್ರಾಣ ಕಳೆದುಕೊಂಡರೆಂದೂ, ಆ ಬಳಿಕ ಊರು ಪೊಲೀಸರ ಕೈಯಲ್ಲಿ ಬಹಳ ನೋವು ತಿಂದಿತೆಂದೂ ಹೇಳಿ, ಎರಡನ್ನೂ ಟಿಪ್ಪಣಿ ಪುಸ್ತಕದ ಒಂದೇ ಪುಟದಲ್ಲಿ ಬರೆಸಿದರು.