ಎರಡು ಲೋಟ ಕಾಫಿ

ಅಮ್ಮನ ಕಾರ್ಯ ಮುಗಿಸಿ ನ್ಯೂಯಾರ್ಕಿನ ಬ್ರಾಂಕ್ಸ್‌ಗೆ ವಾಪಸ್ ಬಂದು ಎಂಟು ದಿನವಾಯಿತು. ಅಲ್ಲಿದ್ದಾಗ ಬಾಯಿಗೆ ಬರದ ಮಾತನ್ನು ಇಲ್ಲಿ ಕೂತು ಬರೆಯುತ್ತಿದ್ದೇನೆ.

ಬೆಂಗಳೂರಿನ ಹನುಮಂತನಗರದ ಮನೆ ಮುಟ್ಟಿದಾಗ ಬೆಳಗಿನ ಐದು ಗಂಟೆ. ಅಮ್ಮನನ್ನು ನಡುಮನೆಯಲ್ಲಿ ಮಲಗಿಸಿದ್ದರು. ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲ ಅಲ್ವಾ, ಪಕ್ಕದ ಮನೆಯವರು ಫ್ಲಾಸ್ಕಿನಲ್ಲಿ ಕಾಫಿ ತಂದಿದ್ದರು. ಎರಡು ಲೋಟ ಕುಡಿದೆ. ಅಳು ಬರಲೇ ಇಲ್ಲ. "ಒಂದು ಹನಿ ಕಣ್ಣೀರಿಲ್ಲ ನೋಡು" ಎಂದು ಯಾರೋ ಹಿಂದೆ ಅಂದದ್ದು ಕೇಳಿಸಿತು.

ಆಗ ನೆನಪಾದವನು ಮರ್ಸೋ. ಆಲ್ಬೇರ್ ಕಮೂ 1942ರಲ್ಲಿ ಹೊರತಂದ 'ದಿ ಸ್ಟ್ರೇಂಜರ್' ಕಾದಂಬರಿಯ ನಾಯಕ. ತಾಯಿಯ ಶವದ ಪಕ್ಕ ಕೂತಿದ್ದಾಗ ಕಾವಲುಗಾರ ಹಾಲು ಹಾಕಿದ ಕಾಫಿ ಕೊಡುತ್ತಾನೆ, ಇವನು ಕುಡಿಯುತ್ತಾನೆ. ಮುಂದೆ ಆಲ್ಜಿಯರ್ಸ್ ಹತ್ತಿರದ ಕಡಲತೀರದಲ್ಲಿ ಒಬ್ಬ ಅರಬನನ್ನು ಗುಂಡಿಟ್ಟು ಕೊಲ್ಲುತ್ತಾನೆ. ಕೋರ್ಟಿನಲ್ಲಿ ಆ ಕಾಫಿಯೂ ಸಾಕ್ಷಿಯಾಗುತ್ತದೆ. ಯಾಕೆ ಕೊಂದೆ ಅಂದರೆ, ಬಿಸಿಲಿನಿಂದ ಅನ್ನುತ್ತಾನೆ. ಜನ ನಗುತ್ತಾರೆ. ಸತ್ತವನಿಗೆ ಕಾದಂಬರಿಯಲ್ಲಿ ಒಂದು ಹೆಸರೂ ಇಲ್ಲ. ಅದು ನನಗೆ ಇವತ್ತಿಗೂ ಒಪ್ಪಿಗೆಯಾಗಿಲ್ಲ.

ಒಂಬತ್ತನೇ ದಿನ ಸಂಜೆ ತಾರಸಿಯಲ್ಲಿ ಅಕ್ಕನ ಮಗ ಹಾಡು ಹಾಕಿಕೊಂಡು ಕೂತಿದ್ದ. "ಮಾಮ, ಇದು ನಿಮ್ಮ ಏರಿಯಾದ್ದು" ಅಂದ. ಹೌದು, ಬ್ರಾಂಕ್ಸ್‌ನ ಗ್ರ್ಯಾಂಡ್‌ಮಾಸ್ಟರ್ ಫ್ಲ್ಯಾಶ್ ಅಂಡ್ ದಿ ಫ್ಯೂರಿಯಸ್ ಫೈವ್ ಎಂಬ ರ್‍ಯಾಪ್ ತಂಡದ್ದು. 1982ರ 'ದಿ ಮೆಸೇಜ್'. ಆ ಹಾಡಿನವನು ಕಣ್ಣಿಗೆ ಬಿದ್ದದ್ದನ್ನೆಲ್ಲ ಹೇಳುತ್ತಾ ಹೋಗುತ್ತಾನೆ. ಒಡೆದ ಗಾಜು, ಮೆಟ್ಟಿಲ ಮೇಲಿನ ಉಚ್ಚೆ, ಇಲಿ, ಜಿರಳೆ, ಸಾಲ ವಸೂಲಿಗೆ ಬರುವ ಫೋನು. ನನ್ನನ್ನು ತಳ್ಳಬೇಡಿ, ಅಂಚಿನಲ್ಲಿದ್ದೇನೆ ಅನ್ನುತ್ತಾನೆ.

ಮರ್ಸೋನೂ ಅಂಚಿನಲ್ಲೇ ಇದ್ದವನು. ಅಂತ್ಯಯಾತ್ರೆಯ ದಿನ ಅವನಿಗೆ ಕಂಡದ್ದು ಬಿಸಿಲು, ಕರಗಿದ ಡಾಂಬರು, ಬೆವರು. ಅಳುವಿಗಿಂತ ಮೈ ಮೊದಲು ಮಾತಾಡುತ್ತದೆ. ಅದು ದುಃಖವೇ ಇರಬಹುದು ಎಂದು ಯಾರಿಗೂ ಹೊಳೆಯಲಿಲ್ಲ. ಆದರೆ ಅವನನ್ನು ತಳ್ಳಿದ್ದು ಬಿಸಿಲು. ಬಿಸಿಲಿನ ಹತ್ತಿರ ಹೋಗಿ ಜಗಳ ಆಡೋಕಾಗುತ್ತಾ? ಹಾಡಿನವನನ್ನು ತಳ್ಳಿದ್ದು ಬಡತನ, ಒಂದು ಬೀದಿ. ಅವನು ಅದನ್ನು ಬೆರಳು ತೋರಿಸಿ ಹೇಳುತ್ತಾನೆ, ತಾಳಕ್ಕೆ ಹೇಳುತ್ತಾನೆ. ಕೊನೆಯಲ್ಲಿ ಬೀದಿ ಮೂಲೆಯಲ್ಲಿ ಗೆಳೆಯರ ಜೊತೆ ನಿಂತಿದ್ದಾಗ ಪೊಲೀಸರು ಬಂದು ಹಿಡಿದೊಯ್ಯುತ್ತಾರೆ. ಅಲ್ಲೂ ಅವನು ಒಂಟಿ ಅಲ್ಲ. ಅವನ ಮೇಲೆ ನನಗೆ ಪ್ರೀತಿ ಜಾಸ್ತಿ.

ಹುಡುಗನಿಗೆ ಇದನ್ನೆಲ್ಲ ಹೇಳಿದೆ. ಸ್ವಲ್ಪ ಹೊತ್ತು ಸುಮ್ನೆ ಇದ್ದ. ಆಮೇಲೆ ಕೇಳಿದ, "ಮಾಮ, ಅಜ್ಜಿ ರೂಮಲ್ಲಿ ಏನೇನಿದೆ?"

ಚಾಳೀಸು, ಅಂದೆ. ಅಮೃತಾಂಜನದ ಸೀಸೆ. ಗಾಂಧಿ ಬಜಾರಿಗೆ ಒಯ್ಯುತ್ತಿದ್ದ ವಯರ್ ಬ್ಯಾಗು. ಅವನು ನೀರಿನ ಟ್ಯಾಂಕಿನ ಮೇಲೆ ಮೆಲ್ಲಗೆ ತಾಳ ಹಾಕತೊಡಗಿದ. ಮಾತ್ರೆ ಡಬ್ಬಿ. ಕ್ಯಾಲೆಂಡರಿನಲ್ಲಿ ನಾನು ಬರಬೇಕಿದ್ದ ತಾರೀಕಿಗೆ ಹಾಕಿದ ಸುತ್ತು.

ಅಲ್ಲಿಗೆ ಬಂದಾಗ ಗಂಟಲು ಕಟ್ಟಿತು. ಅವನು ತಾಳ ನಿಲ್ಲಿಸಲಿಲ್ಲ.