ನುಣ್ಣಗಿನ ಹಸಿರು ಸೂಪು

ಚಳಿಗಾಲದ ಸೂಪಿಗೆ ಅವಸರ ಇರುವುದಿಲ್ಲ. ಗೆಡ್ಡೆ, ಬೇರು, ಕಾಳು ಏನಿದ್ದರೂ ಒಲೆ ಮೇಲೆ ಹೊತ್ತು ಹೊತ್ತು ಕುದಿಯಲಿ, ಕುದಿದಷ್ಟೂ ರುಚಿ. ವಸಂತದ ಎಳೆ ತರಕಾರಿಗೆ ಈ ಲೆಕ್ಕ ನಡೆಯುವುದಿಲ್ಲ. ಹಸಿ ಬಟಾಣಿ, ಆಸ್ಪರಾಗಸ್ ಅನ್ನುವ ಹಸಿರು ಚಿಗುರುದಂಟು, ಈರುಳ್ಳಿ ಜಾತಿಯ ಲೀಕ್, ಎಳೆ ಪಾಲಕ್ ಇವಕ್ಕೆಲ್ಲ ರುಚಿ ಮೊದಲೇ ಇರುತ್ತದೆ. ಒಲೆ ಮೇಲೆ ಇಟ್ಟು ಅದನ್ನು ಕೆಡಿಸದಿದ್ದರೆ ಸಾಕು.

ಮೊನ್ನೆ ಭಾನುವಾರ ಅಕ್ಕ ಬಂದಿದ್ದಳು. ತರಕಾರಿಯೂ ಅದೇ ಬೆಳಿಗ್ಗೆ ಬಂದಿತ್ತು. ಸರಿ, ಇಬ್ಬರೂ ಬಟಾಣಿ ಸುಲಿಯಲು ಕೂತೆವು. ಒಳ್ಳೆ ಕಾಯಿಯಾದರೆ ಅಂಚಿನ ಗೆರೆಯನ್ನು ಹೆಬ್ಬೆರಳಲ್ಲಿ ಒತ್ತಿದ ಕೂಡಲೇ ಟಪ್ ಅಂತ ಬಾಯಿ ಬಿಡುತ್ತದೆ. ಬಾಡಿದ ಕಾಯಿ ಸದ್ದಿಲ್ಲದೆ ಬಾಗುತ್ತದೆ. ಕಿತ್ತ ಹೊತ್ತಿನಿಂದಲೇ ಬಟಾಣಿಯೊಳಗಿನ ಸಕ್ಕರೆ ಪಿಷ್ಟವಾಗಲು ಶುರುವಾಗುತ್ತದೆ. ಫ್ರಿಜ್ಜಿನಲ್ಲಿಟ್ಟರೆ ಅದು ನಿಧಾನವಾಗುತ್ತದೆ, ನಿಲ್ಲುವುದಿಲ್ಲ. ಹಾಗಾಗಿ ಒಂದೆರಡು ಕಾಳು ಹಸಿಯಾಗಿಯೇ ಬಾಯಿಗೆ ಹಾಕಿ ನೋಡಬೇಕು. ಸಿಹಿಯಾಗಿದ್ದರೆ ಸರಿ. ಹಿಟ್ಟು ಹಿಟ್ಟಾಗಿದ್ದರೆ ಸೂಪೂ ಹಿಟ್ಟು ಹಿಟ್ಟೇ. ಫ್ರೋಜನ್ ಬಟಾಣಿ ಅಂದರೆ ಮೂಗು ಮುರಿಯುವವರು ಬಹಳ. ಆದರೆ ಅದನ್ನು ಕಿತ್ತ ಸ್ವಲ್ಪ ಹೊತ್ತಿಗೇ ಬಿಸಿ ನೀರಲ್ಲಿ ಅದ್ದಿ ತೆಗೆದು ಹೆಪ್ಪುಗಟ್ಟಿಸಿರುತ್ತಾರೆ. ನಾಲ್ಕು ದಿನ ಬಿದ್ದುಕೊಂಡಿದ್ದ 'ತಾಜಾ' ಬಟಾಣಿಗಿಂತ ಅದೇ ವಾಸಿ ಅನ್ನುವವಳು ನಾನು.

ಸುಲಿದ ಸಿಪ್ಪೆ, ಆಸ್ಪರಾಗಸ್‌ನ ಗಟ್ಟಿ ಬುಡ, ಲೀಕ್‌ನ ತುದಿಯ ಕಡು ಹಸಿರು ಎಲೆ ಯಾವುದನ್ನೂ ಬಿಸಾಡಲಿಲ್ಲ. ಎಲ್ಲ ಮುಳುಗುವಷ್ಟು ನೀರು ಹಾಕಿ 20 ನಿಮಿಷ ಸಣ್ಣಗೆ ಕುದಿಸಿ ಸೋಸಿಕೊಂಡರೆ ಸೂಪಿನ ನೀರು ತಯಾರು. ಲೀಕ್ ತೊಳೆಯುವಾಗ ಮಾತ್ರ ಜೋಪಾನ. ಪದರ ಪದರದಲ್ಲೂ ಮಣ್ಣು ಕೂತಿರುತ್ತದೆ. ಉದ್ದಕ್ಕೆ ಸೀಳಿ, ನಲ್ಲಿ ಕೆಳಗೆ ಹಿಡಿದು, ಪದರ ಬಿಡಿಸಿ ತೊಳೆಯಬೇಕು. ನುಣ್ಣಗಿನ ಸೂಪಿನಲ್ಲಿ ಒಂದು ಕಣ ಮರಳು ಹಲ್ಲಿಗೆ ಸಿಕ್ಕಿದರೆ ಮುಗಿಯಿತಲ್ಲ!

"ಇಷ್ಟೆಲ್ಲ ಯಾಕೆ? ಎಲ್ಲಾ ಒಟ್ಟಿಗೆ ಹಾಕು, ಮುಚ್ಚಳ ಮುಚ್ಚು, ಬೇಯಿಸು" ಅಂದಳು ಅಕ್ಕ.

ಮುಚ್ಚಳದಲ್ಲೇ ಇರುವುದು ಗುಟ್ಟು. ಎಲೆಯ ಹಸಿರಿಗೆ ಕಾರಣವಾದ ಕ್ಲೋರೋಫಿಲ್‌ನ ನಟ್ಟನಡುವೆ ಮೆಗ್ನೀಸಿಯಂ ಕೂತಿರುತ್ತದೆ. ತರಕಾರಿ ಬೇಯುವಾಗ ಅದರೊಳಗಿನ ಆಮ್ಲ ಬಿಡುಗಡೆಯಾಗಿ ಈ ಮೆಗ್ನೀಸಿಯಂ ಅನ್ನು ಹೊರಗೆ ತಳ್ಳುತ್ತದೆ. ಆಗ ಹಸಿರು ಹೋಗಿ ಮಂಕು ಕಂದು ಬಣ್ಣ ಬರುತ್ತದೆ. ತೆರೆದ ಪಾತ್ರೆಯಾದರೆ ಆ ಆಮ್ಲದಲ್ಲಿ ಒಂದಿಷ್ಟು ಹಬೆಯ ಜೊತೆ ಹೋಗುತ್ತದೆ. ಮುಚ್ಚಿಟ್ಟರೆ ಹನಿಯಾಗಿ ವಾಪಸ್ ಅಲ್ಲೇ ಬೀಳುತ್ತದೆ. ಐದಾರು ನಿಮಿಷ ದಾಟಿದ ಮೇಲೆ ಬಣ್ಣ ಇಳಿಯುವುದು ಕಣ್ಣಿಗೇ ಕಾಣುತ್ತದೆ. ಚಿಟಿಕೆ ಅಡುಗೆ ಸೋಡಾ ಹಾಕಿದರೆ ಹಸಿರು ಉಳಿಯುತ್ತದೆ ನಿಜ, ಆದರೆ ಕೈ ಸ್ವಲ್ಪ ಜಾಸ್ತಿಯಾದರೂ ಸೋಪಿನ ರುಚಿ. ನಾನಂತೂ ಮುಟ್ಟುವುದಿಲ್ಲ.

ಅದಕ್ಕೇ ಹೊತ್ತು ಹಿಡಿಯುವುದೆಲ್ಲ ಮೊದಲು. ಲೀಕ್ ಅನ್ನು ಬೆಣ್ಣೆಯಲ್ಲಿ, ಸಣ್ಣ ಉರಿಯಲ್ಲಿ, ಕೆಂಪಗಾಗದಂತೆ ಬಾಡಿಸಿದೆ. ಒಂದು ಪುಟ್ಟ ಆಲೂಗಡ್ಡೆ ತೆಳ್ಳಗೆ ಹೆಚ್ಚಿ ಹಾಕಿ, ಸೋಸಿದ ನೀರು ಸುರಿದು, ಅದು ಪೂರ್ತಿ ಮೆತ್ತಗಾಗುವವರೆಗೆ ಬಿಟ್ಟೆ. ಆಮೇಲೆ ಉರಿ ಜೋರು ಮಾಡಿ ಆಸ್ಪರಾಗಸ್, ಬಟಾಣಿ. ಮೂರು ನಿಮಿಷ. ಕೊನೆಗೆ ಒಂದು ಹಿಡಿ ಪಾಲಕ್ ಹಾಕಿ, ಅದು ಬಾಡಿದ್ದೇ ತಡ, ಒಲೆ ಆರಿಸಿದೆ. ಆಲೂಗಡ್ಡೆ ಸೂಪಿಗೆ ಮೈ ಕೊಡುತ್ತದೆ, ಆದರೆ ಪುಟ್ಟದೇ ಇರಬೇಕು. ಮಿಕ್ಸಿಯಲ್ಲಿ ಜಾಸ್ತಿ ತಿರುಗಿದರೆ ಅದರ ಪಿಷ್ಟ ಅಂಟಂಟಾಗುತ್ತದೆ.

ಬಿಸಿ ಸೂಪನ್ನು ಮಿಕ್ಸಿ ಜಾರಿಗೆ ಅರ್ಧಕ್ಕಿಂತ ಮೇಲೆ ತುಂಬಬಾರದು. ಹಬೆ ಒಮ್ಮೆಗೇ ಉಬ್ಬಿ ಮುಚ್ಚಳ ಹಾರಿಸಿಬಿಡುತ್ತದೆ. ಮುಚ್ಚಳದ ನಡುವಿನ ಸಣ್ಣ ಬಿರಡೆ ತೆಗೆದು, ಆ ತೂತಿನ ಮೇಲೆ ಬಟ್ಟೆ ಹಿಡಿದು, ಮೊದಲು ನಿಧಾನಕ್ಕೆ ತಿರುಗಿಸಿ ಆಮೇಲೆ ಜೋರು. ಎರಡು ನಿಮಿಷವಾದರೂ ಬೇಕು. ಇಪ್ಪತ್ತು ಸೆಕೆಂಡಿಗೆ ನಿಲ್ಲಿಸಿದರೆ ನೋಡಲು ನುಣ್ಣಗಿರುತ್ತದೆ, ನಾಲಿಗೆಗೆ ತರಿ ತರಿ.

ಇಷ್ಟಾದ ಮೇಲೂ ಬಟಾಣಿ ಕಾಳಿನ ಮೇಲಿನ ತೆಳು ಸಿಪ್ಪೆ ಪೂರ್ತಿ ಅರೆದಿರುವುದಿಲ್ಲ. ಸಣ್ಣ ಕಣ್ಣಿನ ಜರಡಿಗೆ ಸುರಿದು ಸೌಟಿನ ಬೆನ್ನಿನಿಂದ ಒತ್ತುತ್ತಾ ಹೋದೆ. ಕೆಳಗೆ ಹಸಿರು ದಪ್ಪ ಧಾರೆ. ಮೇಲೆ ಉಳಿದದ್ದು ಒಂದು ಮುಷ್ಟಿ ಬೂದು ಹಸಿರು ಮುದ್ದೆ.

"ಅಯ್ಯೋ, ಇದನ್ನ ಬಿಸಾಡ್ತೀಯಾ?"

"ತಿಂದು ನೋಡಕ್ಕ."

ಒಂದು ಚೂರು ಬಾಯಿಗೆ ಹಾಕಿಕೊಂಡವಳು ಅಗಿದಳು, ಮತ್ತೆ ಅಗಿದಳು. "ಗೋಣಿಚೀಲದ ದಾರ ಇದ್ದ ಹಾಗಿದೆ ಕಣೇ" ಅಂದಳು. ಸೂಪು ನುಣ್ಣಗಾಗಲು ಕ್ರೀಮ್ ಬೇಕು ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಕ್ರೀಮ್ ತರಿಯನ್ನು ಮರೆಮಾಡುತ್ತದೆ ಅಷ್ಟೇ, ಜೊತೆಗೆ ಬಟಾಣಿಯ ಸಿಹಿಯನ್ನೂ ಮುಚ್ಚಿಹಾಕುತ್ತದೆ. ಕೆಲಸ ಮಾಡುವುದು ಜರಡಿ. ಒಂದು ಮಾತು: ಜರಡಿಯ ಅಡಿಭಾಗವನ್ನು ಸ್ಪೂನಿನಲ್ಲಿ ಕೆರೆಯಲು ಮರೆಯಬೇಡಿ. ಎಲ್ಲಕ್ಕಿಂತ ನುಣ್ಣಗಿರುವುದು ಅಲ್ಲೇ ಅಂಟಿಕೊಂಡಿರುತ್ತದೆ.

ಆಮೇಲಿನದು ಚುಟುಕು ಕೆಲಸ. ಒಂದು ತುಂಡು ತಣ್ಣನೆ ಬೆಣ್ಣೆ ಕದಡಿ, ಉಪ್ಪು ನೋಡಿ, ಬಟ್ಟಲಿಗೆ ಹಾಕಿದೆ. ನಿಂಬೆರಸ ಬಟ್ಟಲಲ್ಲೇ ಹಿಂಡಿಕೊಂಡೆವು. ಪಾತ್ರೆಗೇ ಹಿಂಡಿದರೆ ಅಷ್ಟು ಕಷ್ಟಪಟ್ಟು ಉಳಿಸಿದ ಬಣ್ಣ ಕೂತಲ್ಲೇ ಇಳಿಯುತ್ತದೆ, ಅದೂ ಆಮ್ಲವೇ ಅಲ್ವಾ. ಅಕ್ಕ ಎರಡು ಬಟ್ಟಲು ಕುಡಿದಳು.

ಉಳಿದದ್ದನ್ನು ಪಾತ್ರೆ ಸಮೇತ ಐಸ್ ನೀರಿನಲ್ಲಿಟ್ಟು ಬೇಗ ತಣಿಸಿ, ಡಬ್ಬಿಗೆ ತುಂಬಿ ಅವಳ ಕೈಗೆ ಕೊಟ್ಟೆ. ತಣ್ಣಗೇ ಕುಡಿಯುವುದಾದರೆ ಇನ್ನೊಂದು ಚಿಟಿಕೆ ಉಪ್ಪು ಬೇಕಾಗುತ್ತದೆ, ಬಿಸಿ ಮಾಡುವುದಾದರೆ ಕುದಿಸಬೇಡ ಅಂತ ಎರಡೆರಡು ಸಲ ಹೇಳಿದ್ದೆ. ಮರುದಿನ ಫೋನ್ ಮಾಡಿದಳು. ಕುದಿಸಿದಳಂತೆ.

"ಬಣ್ಣ ಹೋಯ್ತು ಕಣೇ. ಹೋದ್ರೆ ಹೋಗ್ಲಿ, ಚೆನ್ನಾಗೇ ಇತ್ತು."